ಹನ್ನಳು ಹೊಲಿದ ಚಿಕ್ಕ ನಿಲುವಂಗಿಯೂ ನಮ್ಮ ಬೋರ್ಡಿಂಗ್ ಶಾಲೆಗಳ ಪ್ರಾರಂಭವೂ

ಓದತಕ್ಕ ವೇದಭಾಗ: ಸಮುವೇಲನ ಮೊದಲನೆಯ ಪುಸ್ತಕ, ೧ರಿಂದ ೩ರ ವರೆಗಿನ ಅಧ್ಯಾಯಗಳು



ಎಲ್ಕಾನನ ಹೆಂಡತಿಯಾದ ಹನ್ನಳು ಬಹು ಕಾಲ ಮಕ್ಕಳಿಲ್ಲದೆ ಅತ್ತು, ಬೇಡಿ, ಪಡೆದ ಮಗನನ್ನು ಮೊಲೆ ಬಿಡಿಸಿದ ಮೇಲೆ ಶೀಲೋವಿಗೆ ಕರೆದುಕೊಂಡು ಹೋಗಿ ಯಾಜಕನಾದ ಏಲಿಯ ವಶಕ್ಕೆ ಕೊಟ್ಟುಬಂದ ಸಂಗತಿಯನ್ನು ನೀವೆಲ್ಲರೂ ಕೇಳಿದ್ದೀರಿ. ಆಕೆಯ ಪ್ರಾರ್ಥನೆಯ ವಿಷಯವಾಗಿ ಅನೇಕ ಪ್ರಸಂಗಗಳಾಗಿವೆ. ಆಕೆಯ ಸ್ತೋತ್ರಗೀತದ ವಿಷಯವಾಗಿಯೂ ಆಗಿವೆ. ಆದರೆ ಎರಡನೆಯ ಅಧ್ಯಾಯದ ನಡುವೆ ಇರುವ ಒಂದು ಸಣ್ಣ ಮಾತನ್ನು ನಾವು ಸಾಧಾರಣವಾಗಿ ದಾಟಿ ಹೋಗುತ್ತೇವೆ. ಆಕೆಯು ಪ್ರತಿ ವರುಷ ಗಂಡನ ಸಂಗಡ ಯಜ್ಞಕ್ಕೆ ಹೋಗುವಾಗ ಮಗನಿಗೋಸ್ಕರ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಹೋಗಿ ಕೊಡುತ್ತಿದ್ದಳೆಂಬದೇ ಆ ಮಾತು. ರಾಮಾ ಊರಿನಲ್ಲಿ ಕೂತು ಆ ಬಟ್ಟೆಯನ್ನು ಹೊಲಿದವಳ ಎದುರಿಗೆ ಅಳತೆ ನೋಡುವದಕ್ಕೆ ಮಗನಿರಲಿಲ್ಲ. ಈ ವರುಷ ಹುಡುಗನು ಎಷ್ಟು ಬೆಳೆದಿರಬಹುದು, ತೋಳು ಎಷ್ಟು ಉದ್ದವಾಗಿರಬಹುದು ಎಂದು ಮನಸ್ಸಿನಲ್ಲೇ ಅಳೆದು ಕತ್ತರಿಸಬೇಕಾಗಿತ್ತು. ದೇವರಿಗೆ ಒಪ್ಪಿಸಿಬಿಟ್ಟ ಮೇಲೆ ನಮ್ಮ ಕೆಲಸ ತೀರಿತೆಂದು ಆಕೆ ಎಣಿಸಲಿಲ್ಲ.

ಇನ್ನೊಂದು ಸಂಗತಿಯನ್ನೂ ವೇದವು ಮುಚ್ಚಿಡದೆ ಹೇಳುತ್ತದೆ. ಹನ್ನಳು ಮಗನನ್ನು ಬಿಟ್ಟುಬಂದ ಆ ಮನೆ ಎಲ್ಲಾ ವಿಧದಲ್ಲಿ ಒಳ್ಳೇ ಮನೆಯಾಗಿರಲಿಲ್ಲ. ಏಲಿಯು ದೈವಭಕ್ತನು, ನಿಜ. ಅವನ ಮಕ್ಕಳಿಬ್ಬರೂ ದುಷ್ಟರು, ಯಜ್ಞದ ಮಾಂಸವನ್ನು ಜನರ ಕೈಯಿಂದ ಕಸಿದುಕೊಳ್ಳುವವರು. ಅಂಥವರ ನಡುವೆ ಬಾಲಕನಾದ ಸಮುವೇಲನು ಬೆಳೆದನು. ಮಕ್ಕಳನ್ನು ಪರರ ಮನೆಯಲ್ಲಿ ಬಿಟ್ಟು ಓದಿಸುವ ವಿಷಯದಲ್ಲಿ ನಾವು ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿದೆ.

ಈ ವಿಷಯವನ್ನು ಸಂಸೆಯವರ ಮುಂದೆ ಯಾಕೆ ಎತ್ತುತ್ತೇವೆಂದರೆ, ನಮ್ಮ ಮಲೆಸೀಮೆಯಲ್ಲಿ ಇದು ಮನೆಮನೆಯ ಪ್ರಶ್ನೆ. ಪಡುವಲಿಗೆ ಕುದುರೆಮುಖದ ಬೆಟ್ಟ, ಬಳಸಿ ಹರಿಯುವ ಭದ್ರೆ, ನಡುವೆ ಕಾಫಿಯ ತೋಟಗಳು. ಒಂದು ಲೈನಿನಿಂದ ಇನ್ನೊಂದು ಲೈನಿಗೆ ಹೋಗಬೇಕಾದರೆ ಗುಡ್ಡ ಹತ್ತಿ ಹಳ್ಳ ದಾಟಬೇಕು. ಆಷಾಢದ ಮಳೆ ಹಿಡಿದರೆ ಕಂಬಳಿ ಕೊಪ್ಪೆ ಹೊದ್ದ ದೊಡ್ಡವರಿಗೇ ದಾರಿ ನಡೆಯುವದು ಕಷ್ಟ, ಆರು ವರುಷದ ಕೂಸಿನ ಪಾಡು ಹೇಳಬೇಕೇ? ತೋಟದ ಕೂಲಿಯವರ ಮಕ್ಕಳಲ್ಲಿ ಆರರಿಂದ ಹನ್ನೆರಡು ವರುಷದವರು ಇಪ್ಪತ್ತೈದಕ್ಕೆ ಮೀರಿದ್ದರೆ ಅಲ್ಲಿ ಓದಿಗೆ ಏರ್ಪಾಡು ಮಾಡುವಂತೆ ಮಾಲಿಕರನ್ನು ನಿಯಮದಿಂದ ಬದ್ಧಪಡಿಸಬಹುದೆಂದು ೧೯೫೧ರ ತೋಟಗಾರಿಕಾ ಕಾರ್ಮಿಕರ ಕಾನೂನು ಹೇಳಿತು. ಹನ್ನೆರಡು ವರುಷವಾದ ಮೇಲೆ? ಆಗ ತಂದೆತಾಯಿಗಳ ಮುಂದೆ ಉಳಿಯುವದು ಎರಡೇ ದಾರಿ. ಮಗುವಿನ ಕೈಗೆ ಕುಕ್ಕೆ ಕೊಟ್ಟು ಹಣ್ಣು ಕುಯ್ಯುವದಕ್ಕೆ ಕರೆದುಕೊಂಡು ಹೋಗುವದೊಂದು, ಟ್ರಂಕು ಕೊಟ್ಟು ಬೋರ್ಡಿಂಗಿಗೆ ಕಳುಹಿಸುವದೊಂದು. ಈಗ ಸರಕಾರದ ವಿದ್ಯಾರ್ಥಿನಿಲಯಗಳೂ ವಸತಿಶಾಲೆಗಳೂ ಇವೆ, ಸಭೆಗಳ ಬೋರ್ಡಿಂಗುಗಳೂ ಇವೆ. ಎಲ್ಲಿಗೆ ಕಳುಹಿಸಿದರೂ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡುವ ತಾಯಿಯ ಹೊಟ್ಟೆಯ ಸಂಕಟ ಒಂದೇ.

ಹೀಗಿರಲಾಗಿ ಈ ಬೋರ್ಡಿಂಗ್ ಎಂಬದು ಕನ್ನಡ ಕ್ರೈಸ್ತರ ನಡುವೆ ಹೇಗೆ ಹುಟ್ಟಿತೆಂಬದನ್ನು ತಿಳಿದರೆ ನಮಗೆ ಪ್ರಯೋಜನವಾದೀತು. ಅದಕ್ಕೋಸ್ಕರ ನಾವು ಘಟ್ಟ ಇಳಿದು ಕಾರ್ಕಳದ ಮಾರ್ಗವಾಗಿ ಮಂಗಳೂರಿಗೆ ಹೋಗಬೇಕು.

ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ ಸಂಘವು ಹಿಂದೂದೇಶಕ್ಕೆ ಕಳುಹಿಸಿದ ಮೊದಲನೆಯ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, ೧೮೩೪ನೇ ಇಸವಿ ಅಕ್ಟೋಬರ್ ೩೦ರಂದು ಮಂಗಳೂರನ್ನು ಸೇರಿದರು. ಇಂಗ್ಲಿಷರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆದದ್ದು ಅದರ ಹಿಂದಿನ ವರುಷವಷ್ಟೇ. ಬಂದವರು ಮೊದಲು ಭಾಷೆ ಕಲಿತರು, ಬೀದಿಯಲ್ಲಿ ಸಾರಿದರು, ೧೮೩೬ರಲ್ಲಿ ಕನ್ನಡ ಶಾಲೆಯನ್ನೂ ೧೮೩೮ರಲ್ಲಿ ಇಂಗ್ಲಿಷ್ ಶಾಲೆಯನ್ನೂ ತೆರೆದರು. ಇವು ಹಗಲಿನ ಶಾಲೆಗಳು. ಹುಡುಗರು ಬೆಳಿಗ್ಗೆ ಬರುವರು, ಸಂಜೆ ಹೋಗುವರು. ಉಣ್ಣುವದು, ಮಲಗುವದು, ಪೂಜೆಯಲ್ಲಿ ಕೂಡುವದು ಎಲ್ಲವೂ ಅವರವರ ಮನೆಯಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸುವಾರ್ತೆಯನ್ನು ಕೇಳಿ ನಂಬಿದ ಹುಡುಗನಿಗೆ ಆ ಸಂಜೆ ಹೋಗುವದಕ್ಕೆ ಮನೆಯೇ ಇಲ್ಲದೆ ಹೋದರೆ ಏನು ಮಾಡುವದು? ಸ್ನಾನ ಹೊಂದಿದ ಬಡವನು ಕೂಲಿ ಹುಡುಕುತ್ತಾ ಊರೂರು ಅಲೆಯುವಾಗ ಅವನ ಮಕ್ಕಳನ್ನು ನೋಡುವವರು ಯಾರು? ಹಳ್ಳಿಹಳ್ಳಿಗೆ ಕಳುಹಿಸಬೇಕಾದ ಉಪದೇಶಿಗಳೂ ಶಾಲೆಯ ಮಾಸ್ತರರೂ ಎಲ್ಲಿಂದ ಬರುವರು? ಬೋರ್ಡಿಂಗ್ ಎಂಬದು ಈ ಇಕ್ಕಟ್ಟಿನಿಂದ ಹುಟ್ಟಿತು. ಯಾರೋ ಕಾಗದದ ಮೇಲೆ ನಕ್ಷೆ ಬರೆದು ಕಟ್ಟಿಸಿದ ಸಂಸ್ಥೆಯೆಂದು ತಿಳಿಯಬಾರದು.

ಈ ಕೆಲಸವನ್ನು ಹೊತ್ತವರಲ್ಲಿ ಮುಖ್ಯರು ಹರ್ಮನ್ ಮೋಗ್ಲಿಂಗ್ ಅಯ್ಯನವರು. ಇವರು ವುರ್ಟೆಂಬರ್ಗ್ ಸೀಮೆಯಲ್ಲಿ ೧೮೧೧ರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ಓದಿ, ೧೮೩೬ರ ಕೊನೆಗೆ ಈ ದೇಶಕ್ಕೆ ಬಂದರು. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ೧೮೪೩ನೇ ಜುಲಾಯಿ ೧ರಂದು ಕಲ್ಲಚ್ಚಿನಲ್ಲಿ ಹೊರಡಿಸಿದವರು ಇವರೇ ಎಂಬದು ಲೋಕಕ್ಕೆ ಗೊತ್ತು, ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಕೂಡಿಸಿ ಅಚ್ಚು ಹಾಕಿಸಿದರೆಂಬದೂ ಗೊತ್ತು. ಟ್ಯೂಬಿಂಗೆನಿನವರು ೧೮೫೮ರಲ್ಲಿ ಡಾಕ್ಟರ್ ಪದವಿ ಕೊಟ್ಟದ್ದು ಕನ್ನಡದ ಆ ಸೇವೆಗೋಸ್ಕರ. ಆದರೆ ಆ ವರುಷಗಳಲ್ಲಿಯೇ ಅವರು ಹುಡುಗರನ್ನು ಕೂಡಿಸಿಕೊಂಡು, ಅವರ ಸಂಗಡ ಒಂದೇ ಹಿತ್ತಲಲ್ಲಿ ವಾಸಮಾಡಿ, ಅವರಿಗೆ ಓದು ಹೇಳಿಕೊಟ್ಟರೆಂಬದನ್ನು ಅಷ್ಟಾಗಿ ಯಾರೂ ನೆನೆಸುವದಿಲ್ಲ. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ೧೮೪೭ರಲ್ಲಿ ಉಪದೇಶಿಗಳ ಸೆಮಿನೆರಿ ನೆಲೆಗೊಂಡದ್ದು ಆ ಹುಡುಗರ ಗುಂಪಿನ ಮುಂದುವರಿಕೆಯೇ. ಆ ಗುಡ್ಡದ ಮೇಲೆ ಇಂದಿಗೂ ದೇವಜ್ಞಾನದ ಪಾಠಶಾಲೆ ನಡೆಯುತ್ತಿದೆ.

ಆ ಹುಡುಗರು ಏನು ಕಲಿತರೆಂಬದಕ್ಕಿಂತ ಎಲ್ಲಿ ಕೂತು ಉಂಡರೆಂಬದೇ ದೊಡ್ಡ ಮಾತು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಆ ಕಾಲದಲ್ಲಿ ಒಬ್ಬನ ಅನ್ನದ ಮೇಲೆ ಇನ್ನೊಬ್ಬನ ನೆರಳು ಬಿದ್ದರೆ ಅನ್ನ ಹೊರಗೆ ಹೋಗುತ್ತಿತ್ತು. ಬಿಲ್ಲವನು ನಿಲ್ಲುವ ಸ್ಥಳ ಬೇರೆ, ಹೊಲೆಯನು ನಿಲ್ಲುವ ಸ್ಥಳ ಅದಕ್ಕಿಂತ ದೂರ. ನಮ್ಮ ಅಜ್ಜಂದಿರಲ್ಲಿ ಅನೇಕರು ಧಣಿಯ ಅಂಗಳದ ಹೊರಗೆ ನಿಂತು, ತೆಂಗಿನ ಗರಟೆಯಲ್ಲಿಯೋ ನೆಲದ ಕುಳಿಯಲ್ಲಿ ಹಾಕಿದ ಎಲೆಯಲ್ಲಿಯೋ ಗಂಜಿ ಹೊಯ್ಯಿಸಿಕೊಂಡು ಕುಡಿದವರು. ಇದನ್ನು ಮರೆತವರು ಮನೆಯ ಹಿರಿಯರನ್ನು ಕೇಳಿರಿ, ಅವರು ಹೇಳುವರು. ಬಾಸೆಲ್ ಮಿಶನಿನವರು ತಮ್ಮ ಸಭೆಗಳಲ್ಲಿ ಜಾತಿಗೆ ಎಡೆ ಕೊಡುವದಿಲ್ಲವೆಂದು ಮೊದಲಿನಿಂದಲೂ ಕಟ್ಟುನಿಟ್ಟಾಗಿ ನಿಂತರು. ಆ ಕಟ್ಟಳೆಯು ಪ್ರಸಂಗಪೀಠದ ಮೇಲೆ ಹೇಳುವದಕ್ಕೆ ಸುಲಭ. ಬೋರ್ಡಿಂಗಿನ ಅಡಿಗೆಮನೆಯಲ್ಲಿ ದಿನಕ್ಕೆ ಮೂರು ಸಾರಿ ನಡಿಸುವದು ಕಷ್ಟ. ಒಂದೇ ಹಂಡೆಯ ಗಂಜಿ, ಒಂದೇ ಸಾಲಿನ ಚಾಪೆ, ಒಂದೇ ಬಾವಿಯ ನೀರು. ತುಳು ಆಡುವವನೂ ಕೊಂಕಣಿ ಆಡುವವನೂ ಕನ್ನಡ ಆಡುವವನೂ ತೊಡೆಗೆ ತೊಡೆ ತಗಲಿ ಕೂತಾಗ ಪುಸ್ತಕದಲ್ಲಿಲ್ಲದ ಒಂದು ಪಾಠವನ್ನು ಮೈಯೇ ಕಲಿಯಿತು.

ಇಂಥ ಊಟದ ಬೆಲೆ ಎಷ್ಟೆಂಬದು ೧೮೪೪ರ ಜನವರಿ ೬ರಂದು ಮಂಗಳೂರಿಗೆಲ್ಲಾ ಗೊತ್ತಾಯಿತು. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಸಾರಸ್ವತ ಬ್ರಾಹ್ಮಣ ಯುವಕನಾದ ಆನಂದರಾವ್ ಕೌಂಡಿನ್ಯನು ಇಬ್ಬರು ಜೊತೆಗಾರರೊಂದಿಗೆ ಆ ದಿನ ದೀಕ್ಷಾಸ್ನಾನ ಹೊಂದಿದನು. ಅವನಿಗೆ ಇನ್ನೂ ಇಪ್ಪತ್ತು ವರುಷ ತುಂಬಿರಲಿಲ್ಲ. ಪಟ್ಟಣದಲ್ಲಿ ದೊಡ್ಡ ಗಲಭೆಯೆದ್ದಿತು, ಮನೆಯ ಬಾಗಿಲು ಅವನಿಗೆ ಮುಚ್ಚಿತು. ಮೋಗ್ಲಿಂಗರ ಹೆಸರನ್ನು ತನ್ನ ಹೆಸರಿಗೆ ಕೂಡಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನೆನಿಸಿಕೊಂಡ ಇವನು ೧೮೪೬ರಲ್ಲಿ ಬಾಸೆಲಿಗೆ ಹೋಗಿ, ಅಲ್ಲಿ ಓದಿ, ೧೮೫೧ರಲ್ಲಿ ಬೋಧಕನಾಗಿ ಅಭಿಷೇಕ ಹೊಂದಿ ಹಿಂತಿರುಗಿದನು. ಮಂಗಳೂರಿನ ಸೆಮಿನೆರಿಯಲ್ಲಿ ಬಹು ಕಾಲ ಉಪಾಧ್ಯಾಯನಾಗಿದ್ದನು. ಹಿಂದೆ ಯಾರ ನೆರಳನ್ನು ತಪ್ಪಿಸಿ ನಡೆಯಬೇಕಾಗಿತ್ತೋ ಅವರ ಮಕ್ಕಳಿಗೇ ಗುರುವಾದನು.

ಇಲ್ಲಿ ನಾವು ಒಂದು ಮಾತು ಹೇಳಲೇಬೇಕು. ಈ ಚರಿತ್ರೆಯನ್ನು ಬರೆದವರು ಹುಡುಗನ ಧೈರ್ಯವನ್ನು ಹೊಗಳಿದರು, ಮಿಶನರಿಯ ತಾಳ್ಮೆಯನ್ನು ಹೊಗಳಿದರು. ಬಾಗಿಲ ಒಳಗೆ ಕೂತು ಅತ್ತ ತಾಯಿಯ ವಿಷಯವಾಗಿ ಬರೆದದ್ದು ಅತ್ಯಲ್ಪ. ಬೋರ್ಡಿಂಗಿಗೆ ಬಂದ ಬಡ ಹುಡುಗರ ತಾಯಂದಿರ ಹೆಸರುಗಳನ್ನು ಹುಡುಕಹೊರಟರೆ ಕೈಗೆ ಸಿಕ್ಕುವವು ಬೆರಳೆಣಿಕೆಯವು. ಸಮುವೇಲನ ಪುಸ್ತಕವನ್ನು ಬರೆದವನಾದರೋ ತಾಯಿಯ ಹೆಸರನ್ನೂ, ಆಕೆಯ ಅಳುವನ್ನೂ, ಆಕೆ ಹೊಲಿದ ಬಟ್ಟೆಯನ್ನೂ ಬರೆದ ಮೇಲೆಯೇ ಮಗನು ಪ್ರವಾದಿಯಾದ ಸಂಗತಿಗೆ ಬಂದನು. ನಮ್ಮ ಚರಿತ್ರೆಕಾರರು ಈ ಕ್ರಮವನ್ನು ಅವನಿಂದ ಕಲಿಯಬಹುದಾಗಿತ್ತು.

ಹುಡುಗಿಯರ ಸಂಗತಿ ಇನ್ನೂ ಕಠಿಣವಾದದ್ದು. ಹೆಣ್ಣುಮಕ್ಕಳಿಗೆ ಅಕ್ಷರ ಯಾಕೆ ಎಂದು ಕೇಳುವವರು ಸಭೆಯ ಒಳಗೂ ಇದ್ದರು. ಮಂಗಳೂರಿನಲ್ಲಿ ಮಿಶನರಿಗಳ ಪತ್ನಿಯರು ಕೆಲವು ಹುಡುಗಿಯರನ್ನು ತಮ್ಮ ಮನೆಯ ಬಳಿಯಲ್ಲಿಯೇ ಇಟ್ಟುಕೊಂಡು ಓದು, ಹೊಲಿಗೆ, ಮನೆಗೆಲಸ ಕಲಿಸತೊಡಗಿದರು; ಮುಂದೆ ಹುಡುಗಿಯರ ಅನಾಥಶಾಲೆಯು ಮುಲ್ಕಿಯಲ್ಲಿ ನೆಲೆಗೊಂಡಿತು. ತುಳುನಾಡಿನ ಎಷ್ಟೋ ಕ್ರೈಸ್ತ ಕುಟುಂಬಗಳಲ್ಲಿ ಮೊದಲು ವೇದವನ್ನು ಓದಿದವಳು ಅಜ್ಜಿಯೇ ಹೊರತು ಅಜ್ಜನಲ್ಲ ಎಂದು ಕೇಳಿದರೆ ಆಶ್ಚರ್ಯಪಡಬೇಡಿರಿ.

ಓದಿ ಹೊರಗೆ ಬಂದ ಹುಡುಗನು ಹೊಟ್ಟೆಗೆ ಏನು ಮಾಡಬೇಕು? ಎಲ್ಲರೂ ಉಪದೇಶಿಗಳಾಗುವದಕ್ಕಾಗುವದಿಲ್ಲ. ಬಿಲ್ಲವರಲ್ಲಿ ಕ್ರೈಸ್ತರಾದವರು ಕಳ್ಳು ಇಳಿಸುವ ಕಸುಬನ್ನು ಬಿಡಬೇಕಾಯಿತು. ಧಣಿಗಳು ಒಕ್ಕಲೆಬ್ಬಿಸಿದವರೂ ಉಂಟು. ಇದಕ್ಕೋಸ್ಕರ ಮಿಶನಿನವರು ೧೮೫೧ರಲ್ಲಿ ನೇಯಿಗೆಯ ಕಾರಖಾನೆಯನ್ನೂ, ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರ ಕೈಯಿಂದ ಹಂಚಿನ ಕಾರಖಾನೆಯನ್ನೂ ಪ್ರಾರಂಭಿಸಿದರು. ನಮ್ಮ ಮಲೆನಾಡಿನ ಹಳೆಯ ಲೈನುಗಳ ಮೇಲೂ ಬಂಗಲೆಗಳ ಮೇಲೂ ಕೂತು ಮಳೆಯನ್ನು ತಡೆದ ಮಂಗಳೂರು ಹಂಚಿನ ಹುಟ್ಟು ಇದೇ. ಈ ಕಾರಖಾನೆಗಳಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಅವುಗಳಿಂದ ಒಂದು ಕೇಡೂ ಆಯಿತೆಂದು ನಮ್ಮ ಎಣಿಕೆ. ಶಾಲೆ ಮಿಶನಿನದು, ಕೆಲಸ ಮಿಶನಿನದು, ಮನೆ ಮಿಶನಿನದು ಎಂದಾದಾಗ ಜನರು ತಂದೆಯ ಕಡೆಗೆ ನೋಡುವ ಚಿಕ್ಕ ಮಕ್ಕಳಂತೆ ಬಹಳ ಕಾಲ ಉಳಿದುಬಿಟ್ಟರು. ತಮ್ಮ ಮಕ್ಕಳನ್ನು ಸಹ ‘ಅಯ್ಯನವರು ನೋಡಿಕೊಳ್ಳುವರು’ ಎಂದು ಬಿಟ್ಟುಕೊಟ್ಟು ಸುಮ್ಮನಾಗುವ ರೂಢಿ ಬಂದದ್ದು ಹೀಗೆಯೇ. ನಿಲುವಂಗಿ ಹೊಲಿಯುವ ಕೈ ಅಲ್ಲಿ ನಿಂತುಹೋಯಿತು.

ನಮ್ಮಂಥ ಕಾಫಿಯ ಸೀಮೆಗೆ ಹೆಚ್ಚು ಹತ್ತಿರವಾದ ಸಂಗತಿಯು ಕೊಡಗಿನದು. ಮೋಗ್ಲಿಂಗರು ಯೂರೋಪಿಗೆ ಹಿಂತಿರುಗಲು ಸಿದ್ಧವಾಗಿದ್ದ ಸಮಯದಲ್ಲಿ ಆಲ್ಮಂಡ ಮನೆತನದ ಸೋಮಯ್ಯನೆಂಬ ಕೊಡವನು ಸ್ನಾನವನ್ನು ಬಯಸಿ ಮಂಗಳೂರಿಗೆ ಬಂದನು. ೧೮೫೩ರಲ್ಲಿ ಮೋಗ್ಲಿಂಗರು ಪ್ರಯಾಣವನ್ನು ಬಿಟ್ಟು ಅವನ ಸಂಗಡ ಕೊಡಗಿಗೆ ಹೋದರು. ಕೆಲವು ವರುಷಗಳಲ್ಲಿ ಅಲ್ಲಿಯ ಹೊಲೆಯರು ಅವರ ಬಳಿಗೆ ಬಂದರು. ಆಳುಗಳನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕೋರ್ಟು ಮನ್ನಿಸಬಾರದೆಂದು ೧೮೪೩ರಲ್ಲಿಯೇ ಕಾನೂನಾಗಿತ್ತು. ಕಾನೂನಾದರೇನು, ಭೂಮಿಯಿಲ್ಲದವನು ಎಲ್ಲಿಗೆ ಹೋದಾನು? ಆಗ ಕೌಂಡಿನ್ಯರು ಕೊಡಗಿನಲ್ಲಿ ಭೂಮಿ ಕೊಂಡು ಆ ಕುಟುಂಬಗಳನ್ನು ನೆಲೆಗೊಳಿಸಿದರು. ಆ ಊರೇ ಆನಂದಪುರ. ಅಲ್ಲಿ ಕಾಫಿಯೂ ಬೆಳೆಯಿತು, ಸಭೆಯೂ ಬೆಳೆಯಿತು. ಕೌಂಡಿನ್ಯರು ತಮ್ಮ ಕಡೆಯ ದಿನಗಳನ್ನು ಅಲ್ಲಿಯೇ ಕಳೆದು ೧೮೯೩ರಲ್ಲಿ ತೀರಿಕೊಂಡರು.

ಮಂಗಳೂರಿನ ಕ್ರಮಕ್ಕೂ ಆನಂದಪುರದ ಕ್ರಮಕ್ಕೂ ಇರುವ ಭೇದವನ್ನು ಗಮನಿಸಿರಿ. ಮಂಗಳೂರಿನಲ್ಲಿ ಮಗುವನ್ನು ಮನೆಯಿಂದ ತೆಗೆದು ಬೋರ್ಡಿಂಗಿನಲ್ಲಿ ಇಟ್ಟರು. ಆನಂದಪುರದಲ್ಲಿ ತಂದೆತಾಯಿ ಮಕ್ಕಳೆಲ್ಲರಿಗೂ ಕೂಡಿ ಇರುವದಕ್ಕೆ ನೆಲ ಕೊಟ್ಟರು. ಎರಡನೆಯದೇ ಮೇಲು ಎಂದು ನಮಗೆ ತೋರುತ್ತದೆ; ಆದರೆ ಎಲ್ಲಾ ಕಾಲದಲ್ಲಿಯೂ ಎಲ್ಲಾ ಸ್ಥಳದಲ್ಲಿಯೂ ಅದು ಸಾಧ್ಯವಾಗಲಿಲ್ಲ. ಸಂಸೆಯಲ್ಲಿ ಎಷ್ಟು ಮಂದಿ ಕ್ರೈಸ್ತ ಕೂಲಿಯವರಿಗೆ ಸ್ವಂತ ನೆಲವುಂಟೆಂಬದನ್ನು ನಾವು ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

ಘಟ್ಟದ ಮೇಲಿನ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನಿನವರು ಕೆಲಸ ಮಾಡುತ್ತಿದ್ದರು. ಅಲ್ಲಿ ಅನಾಥಶಾಲೆಗಳನ್ನು ತೆರೆಯಿಸಿದ್ದು ೧೮೭೬ರಿಂದ ೧೮೭೮ರ ವರೆಗಿನ ಮಹಾ ಬರಗಾಲ. ೧೮೭೧ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ೫೦,೫೫,೪೧೨. ಹತ್ತು ವರುಷದ ಮೇಲೆ ೧೮೮೧ರಲ್ಲಿ ೪೧,೮೬,೧೮೮. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳು ಬಾಗಿಲು ಹಾಕಿದವೆಂಬದನ್ನು ನೀವೇ ಊಹಿಸಿಕೊಳ್ಳಿರಿ. ದಾರಿಯ ಬದಿಯಲ್ಲಿ ಸತ್ತ ತಾಯಿಯ ಪಕ್ಕದಲ್ಲಿ ಉಳಿದ ಮಕ್ಕಳನ್ನು ಕೂಡಿಸಿ, ಹುಡುಗರಿಗೆ ತುಮಕೂರಿನಲ್ಲಿಯೂ ಹುಡುಗಿಯರಿಗೆ ಹಾಸನದಲ್ಲಿಯೂ ಆಶ್ರಯ ಮಾಡಿದರು. ಈ ಮಕ್ಕಳಿಗೆ ವರುಷಕ್ಕೊಮ್ಮೆ ಬಟ್ಟೆ ತರುವದಕ್ಕೆ ಹನ್ನಳೇ ಇರಲಿಲ್ಲ. ಅಂಥವರಿಗೆ ಬೋರ್ಡಿಂಗೇ ತವರುಮನೆಯಾಯಿತು. ಇಂದು ಬೋರ್ಡಿಂಗುಗಳ ಕೊರತೆಯನ್ನು ಎಣಿಸುವವರು ಇದನ್ನು ಮರೆಯಬಾರದು.

ಆಮೇಲಿನ ಸಂಗತಿಯನ್ನು ಬೇಗನೆ ಹೇಳುತ್ತೇವೆ. ೧೯೧೪ರಲ್ಲಿ ಯೂರೋಪಿನ ಯುದ್ಧ ಹತ್ತಿದಾಗ ಬಾಸೆಲ್ ಮಿಶನಿನಲ್ಲಿದ್ದ ಜರ್ಮನಿಯವರನ್ನು ಸರಕಾರವು ಬಂಧಿಸಿ, ಆಮೇಲೆ ಅವರ ದೇಶಕ್ಕೆ ಕಳುಹಿಸಿತು. ಕಾರಖಾನೆಗಳು ಅವರ ಕೈಯಿಂದ ಹೋದವು. ಎಂಭತ್ತು ವರುಷ ‘ಅಯ್ಯನವರು ನೋಡಿಕೊಳ್ಳುವರು’ ಎಂದಿದ್ದ ಸಭೆಗಳು ಒಂದೇ ಸಾರಿ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಈ ದೇಶದ ಬೋಧಕರೂ ಉಪದೇಶಿಗಳೂ, ಅಂದರೆ ಬೋರ್ಡಿಂಗಿನ ಗಂಜಿ ಕುಡಿದು ಬೆಳೆದ ಹುಡುಗರೇ, ಆ ದಿನಗಳಲ್ಲಿ ಸಭೆಗಳನ್ನು ನಡಿಸಿದರು. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆಯು ಹುಟ್ಟಿತು; ಕರ್ನಾಟಕದಲ್ಲಿ ೧೯೭೦ರಲ್ಲಿ ಮೂರು ಧರ್ಮಪ್ರಾಂತಗಳಾದವು. ಬಾಸೆಲಿನವರ ಕನ್ನಡ ಜಿಲ್ಲೆಯೂ ಕೊಡಗೂ, ವೆಸ್ಲಿಯನರ ಮೈಸೂರು ಹಾಸನಗಳೂ, ಅವುಗಳ ಸಂಗಡ ನಮ್ಮ ಚಿಕ್ಕಮಗಳೂರು ಸೀಮೆಯೂ ದಕ್ಷಿಣ ಪ್ರಾಂತದೊಳಗೆ ಕೂಡಿದವು. ಅದರ ಕೇಂದ್ರಸ್ಥಾನವು ಮೋಗ್ಲಿಂಗರ ಹುಡುಗರು ಓದಿದ ಅದೇ ಬಲ್ಮಠ. ಆದದರಿಂದ ಆ ಬೋರ್ಡಿಂಗಿನ ಚರಿತ್ರೆಯು ಸಂಸೆಯವರಿಗೆ ಪರರ ಚರಿತ್ರೆಯಲ್ಲ.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಸಮುವೇಲನು ಶೀಲೋವಿನಲ್ಲಿ ಮಲಗಿದ್ದ ರಾತ್ರಿ ಕರ್ತನು ಅವನನ್ನು ಕರೆದ ಸಂಗತಿಯನ್ನು ಭಾನುವಾರದ ಶಾಲೆಯಲ್ಲಿ ಚಿತ್ರ ತೋರಿಸಿ ಕಲಿಸುತ್ತೇವೆ. ಮೂರು ಸಾರಿ ಅವನು ಏಲಿಯ ಬಳಿಗೆ ಓಡಿದನೆಂಬಲ್ಲಿಗೆ ಕಥೆಯನ್ನು ಸಾಧಾರಣವಾಗಿ ನಿಲ್ಲಿಸಿಬಿಡುತ್ತೇವೆ. ಕರ್ತನು ಆ ಬಾಲಕನಿಗೆ ಹೇಳಿದ್ದೇನು? ಅದೇ ಮನೆಯಲ್ಲಿ ನಡೆಯುತ್ತಿದ್ದ ಕೆಟ್ಟತನವನ್ನು ಕುರಿತು, ಅದನ್ನು ನೋಡಿಯೂ ತಡೆಯದ ಯಜಮಾನನನ್ನು ಕುರಿತು, ಬರಲಿರುವ ನ್ಯಾಯತೀರ್ಪನ್ನು ಕುರಿತು ಹೇಳಿದನು. ಬೆಳಗಾಯಿತು, ಹುಡುಗನು ದಿನದಂತೆ ಎದ್ದು ಬಾಗಿಲುಗಳನ್ನು ತೆರೆದನು, ಏಲಿಗೆ ಹೇಳುವದಕ್ಕೆ ಹೆದರಿದನು. ಹೆದರದೆ ಏನು ಮಾಡಿಯಾನು? ಅನ್ನ ಕೊಡುವವನ ಎದುರಿಗೆ ಅವನ ಮನೆಯ ದೋಷವನ್ನು ಹೇಳುವದು ದೊಡ್ಡವರಿಂದಲೇ ಆಗುವದಿಲ್ಲ. ಆ ಗಳಿಗೆಯಲ್ಲಿ ಏಲಿಯು ಒಂದು ಒಳ್ಳೇ ಕೆಲಸ ಮಾಡಿದನು. ಹುಡುಗನನ್ನು ಮಗನೇ ಎಂದು ಕರೆದು, ಏನನ್ನೂ ಮುಚ್ಚದೆ ಎಲ್ಲವನ್ನೂ ಹೇಳಬೇಕೆಂದು ಆಣೆಯಿಟ್ಟು ಕೇಳಿದನು. ಹುಡುಗನು ಎಲ್ಲವನ್ನೂ ಹೇಳಿದನು. ಏಲಿಯು ಸಿಟ್ಟಾಗಲಿಲ್ಲ, ಸುಳ್ಳೆನ್ನಲಿಲ್ಲ.

ಬೋರ್ಡಿಂಗಿನಲ್ಲಿರುವ ಮಗುವು ರಜೆಗೆ ಬಂದಾಗ, ಹಿಂದಕ್ಕೆ ಹೋಗುವದಿಲ್ಲವೆಂದು ಅತ್ತರೆ ನಾವು ಸಾಧಾರಣವಾಗಿ ಏನು ಹೇಳುತ್ತೇವೆ? ಸೋಮಾರಿತನವೆನ್ನುತ್ತೇವೆ. ಅಷ್ಟು ದುಡ್ಡು ಕಟ್ಟಿದ್ದೇವೆ, ಅಲ್ಲಿಯವರ ಮೇಲೆ ಇಲ್ಲದ್ದು ಹೇಳಬೇಡ, ನಮ್ಮ ಮಾನ ಕಳೆಯಬೇಡ ಎನ್ನುತ್ತೇವೆ. ಕೆಲವು ಸಾರಿ ಅದು ಮನೆಯ ನೆನಪಿನ ಅಳುವೇ ಇರಬಹುದು. ಹೊಸದಾಗಿ ಹೋದ ಮಗುವಿಗೆ ಅದು ಸಹಜ, ಎರಡು ತಿಂಗಳಲ್ಲಿ ಮಾಗುವದು. ಕೆಲವು ಸಾರಿ ಹಾಗಲ್ಲ. ದೊಡ್ಡ ಹುಡುಗರ ಹೊಡೆತ, ಅರೆಹೊಟ್ಟೆಯ ಊಟ, ಜಾತಿ ಎತ್ತಿ ಆಡುವ ಮಾತು, ಬಾಯಲ್ಲಿ ಹೇಳಲಾಗದ ನೀಚ ಕೃತ್ಯ, ಇವು ದೇವರ ಹೆಸರು ಬರೆದ ಬಾಗಿಲಿನ ಒಳಗೂ ನಡೆಯಬಲ್ಲವು. ಹೊಫ್ನಿ ಫೀನೆಹಾಸರು ದೇವದರ್ಶನದ ಗುಡಾರದ ಬಾಗಿಲಲ್ಲಿಯೇ ಅಲ್ಲವೇ ಪಾಪ ಮಾಡಿದ್ದು? ಮಕ್ಕಳ ಮೇಲೆ ಇಂಥ ಅತ್ಯಾಚಾರ ನಡಿಸುವವರನ್ನು ಶಿಕ್ಷಿಸುವದಕ್ಕೆ ೨೦೧೨ರಲ್ಲಿ ಪೋಕ್ಸೊ ಎಂಬ ಕಾನೂನಾಗಿದೆ. ಗೊತ್ತಿದ್ದೂ ತಿಳಿಸದೆ ಮುಚ್ಚಿಡುವವರು ಸಹ ಅದರಲ್ಲಿ ಅಪರಾಧಿಗಳು. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮. ಸಭೆಯ ಹೆಸರು ಕೆಡುವದೆಂದು ಬಾಯಿ ಮುಚ್ಚಿಸುವ ಹಿರಿಯರು ನಿಮ್ಮಲ್ಲಿ ಇದ್ದರೆ ಅವರಿಗೆ ಏಲಿಯ ಮನೆ ಏನಾಯಿತೆಂಬದನ್ನು ನಾಲ್ಕನೆಯ ಅಧ್ಯಾಯದಿಂದ ಓದಿ ತೋರಿಸಿರಿ.

ಇದನ್ನು ಕೇಳಿ ಹೆದರಿ ಮಕ್ಕಳನ್ನು ತೋಟಕ್ಕೆ ಎಳೆದುಕೊಂಡು ಬರಬೇಡಿರಿ. ಗರಟೆಯ ಗಂಜಿಯಿಂದ ಒಂದೇ ಸಾಲಿನ ಚಾಪೆಗೆ ಬಂದ ದಾರಿ ಅದು; ಅದನ್ನು ಬಿಟ್ಟುಕೊಡಲಾಗದು. ಹನ್ನಳು ಸಹ ಏಲಿಯ ಮಕ್ಕಳ ಸುದ್ದಿ ಕೇಳಿ ಸಮುವೇಲನನ್ನು ಹಿಂದಕ್ಕೆ ಕರೆತರಲಿಲ್ಲ. ಆದರೆ ಹೋಗುವದನ್ನೂ ನಿಲ್ಲಿಸಲಿಲ್ಲ. ವರುಷಕ್ಕೊಮ್ಮೆಯಾದರೂ ಆಕೆಯ ಕಣ್ಣು ಮಗನ ಮೈ ಮೇಲೆ ಬಿತ್ತು. ಬಟ್ಟೆ ತೊಡಿಸುವ ತಾಯಿಯ ಕೈಗೆ ಗಾಯವಿದ್ದರೆ ಸಿಕ್ಕದೆ ಇದ್ದೀತೇ?

ನವೆಂಬರಿನಲ್ಲಿ ಹಣ್ಣು ಕೆಂಪಾಗಿ ಕುಯ್ಲು ಹತ್ತಿದರೆ ರೈಟರು ರಜೆ ಕೊಡುವದಿಲ್ಲ, ಫೆಬ್ರವರಿಯ ತನಕ ನಿಮಗೂ ಬಿಡುವಿರುವದಿಲ್ಲ. ಆದಕಾರಣ ಮಳೆ ಇಳಿದ ಮೇಲೆ, ಸೆಪ್ಟೆಂಬರಿನಲ್ಲಿಯೋ ಅಕ್ಟೋಬರಿನಲ್ಲಿಯೋ ಒಂದು ದಿನ ಗೊತ್ತು ಮಾಡಿಕೊಂಡು ಹೋಗಿರಿ. ಬಸ್ಸಿನ ಖರ್ಚಿಗೆ ಕೈಯಲ್ಲಿ ಇಲ್ಲದವರಿಗೆ ಸಭೆಯ ಡಬ್ಬಿಯಿಂದ ಕೊಡುವದು ನ್ಯಾಯವೇ. ಹಿರಿಯರು ಇದನ್ನು ಕೂತು ತೀರ್ಮಾನಿಸಲಿ. ತಂದೆತಾಯಿ ಇಲ್ಲದ ಮಗುವಿದ್ದರೆ ಅದರ ಹೆಸರನ್ನೂ ಕೇಳಿ ತಿಳಿದು ಇನ್ನೊಂದು ಅಂಗಿಯನ್ನು ಒಯ್ಯಿರಿ. ಅಡಿಗೆಮನೆಯನ್ನೂ ಮಲಗುವ ಕೋಣೆಯನ್ನೂ ತೋರಿಸಿರೆಂದು ಮರ್ಯಾದೆಯಿಂದ ಕೇಳಿರಿ. ಒಳ್ಳೇ ವಾರ್ಡನನು ಸಂತೋಷದಿಂದ ತೋರಿಸುವನು. ಆಮೇಲೆ ಮಗುವನ್ನು ಹೊರ ಅಂಗಳದ ಮರದ ಕೆಳಗೆ ಕರೆದುಕೊಂಡು ಹೋಗಿ, ತಂದ ಬುತ್ತಿಯನ್ನು ಬಿಚ್ಚಿ, ಉಂಡು ಮುಗಿಯುವ ತನಕ ಏನನ್ನೂ ಕೇಳದೆ ಇರಿ. ಉಂಡ ಮೇಲೆ ಅದು ತಾನಾಗಿ ಮಾತಾಡತೊಡಗಿದರೆ ನಡುವೆ ಬಾಯಿ ಹಾಕದೆ ಕೇಳಿರಿ.